ಓಣಿಗೆ ಬಂದ ಹಲ್ಲು

ರೇಡಿಯೊ ಮಾರಿ ಹಲ್ಲು ಕಟ್ಟಿಸಿಕೊಂಡದ್ದು ದರ್ಜಿ ಗುಲಾಮ್ ದಸ್ತಗೀರ್ ಮಾಡಿದ ಮೊದಲ ತಪ್ಪು. ಬಸ್ಸಿಳಿದವನೇ ಸುಮ್ಮನೆ ಮನೆ ಸೇರದೆ, ಓಣಿಯುದ್ದಕ್ಕೂ ನಗುತ್ತ ಬಂದದ್ದು ಎರಡನೆಯದು.

ಎಪ್ಪತ್ತೆಂಟನೇ ಇಸವಿಯ ಮಾತು. ಮಾನ್ವಿಯ ಆ ಓಣಿಗೆಲ್ಲ ಇದ್ದದ್ದು ಅದೊಂದೇ ರೇಡಿಯೊ. ಸಂಜೆಯಾದರೆ ದಸ್ತಗೀರನ ಕಟ್ಟೆ ತುಂಬ ಜನ. ಹೆಂಗಸರು ಕಾಳು ಆರಿಸುತ್ತ, ಗಂಡಸರು ಬೀಡಿ ಸೇದುತ್ತ ಹಾಡು ಕೇಳುತ್ತಿದ್ದರು. ಯಾರನ್ನೂ ಯಾರೂ ಕರೆಯಬೇಕಾಗಿರಲಿಲ್ಲ. ಆದರೆ ರಾಯಚೂರಿನ ಹಲ್ಲಿನ ಡಾಕ್ಟರು ಪೂರ್ತಿ ಸೆಟ್ಟಿಗೆ ಮುನ್ನೂರು ರೂಪಾಯಿ ಅಂದುಬಿಟ್ಟರು. ಹೊಲಿಗೆ ಮಷೀನು ಮಾರಿದರೆ ಹಲ್ಲು ಬಂದರೂ ಅಗಿಯಲು ಏನೂ ಇರುತ್ತಿರಲಿಲ್ಲ. ಹಾಗಾಗಿ ರೇಡಿಯೊ ಹೋಯಿತು.

ಹೆಂಡತಿ ಸರ್ವರಿ ಬೇಗಂ ಖುಷಿಯಿಂದ ಕಟಕ್ ಅನ್ನುವ ಸಜ್ಜಿ ರೊಟ್ಟಿ ತಂದಿಟ್ಟಳು. ದಸ್ತಗೀರ್ ತುಂಡು ಮುರಿಯುವಷ್ಟರಲ್ಲಿ ಎದುರುಮನೆಯ ವಿರೂಪಣ್ಣ ಬಂದ.

"ರೇಡಿಯಾ ಅಂತೂ ಹೋತು. ಹಲ್ಲರ ತೋರಸಪಾ."

ದಸ್ತಗೀರ್ ಬಾಯಿ ತೆರೆದ.

"ಹಂಗ ಏನ್ ಕಾಣತೈತೋ? ತಗದು ತೋರ್ಸು."

ತೆಗೆದದ್ದೇ ತಡ, ಹಲ್ಲು ತಾಟಿನಲ್ಲಿ ಕೂತು ಕಟ್ಟೆ ಇಳಿಯಿತು. "ಯವ್ವಾ, ಮದುಮಗಳ ಹಲ್ಲಿದ್ದಂಗ ಅದಾವ!" ಎಂದು ಪಕ್ಕದ ಬಾಲಮ್ಮ ತಾಟನ್ನು ಓಣಿ ಕೊನೆಯ ತವರುಮನೆಗೇ ಒಯ್ದು ತೋರಿಸಿದಳು. ದಸ್ತಗೀರ್ ಕಳೆದ ಮೇಕೆ ಹುಡುಕುವವನಂತೆ ಮನೆಯಿಂದ ಮನೆಗೆ ತನ್ನ ಹಲ್ಲಿನ ಹಿಂದೆ ಅಲೆದ. "ಕೊಡ್ರಿ" ಅಂದರೆ ಬಾಯಿಂದ ಅರ್ಧ ಗಾಳಿಯೇ ಬರುತ್ತಿತ್ತು.

ಮಧ್ಯಾಹ್ನ ತಾಟು ಮನೆಗೆ ಮರಳಿತು. ಆದರೆ ಅದು ಮೊದಲು ಸಿಕ್ಕಿದ್ದು, ದೇವದುರ್ಗದಿಂದ ಮಗಳ ಮನೆಗೆಂದು ಬಂದಿದ್ದ ಅತ್ತೆ ಸುಗ್ರಾ ಬೇಗಂ ಕೈಗೆ. ಮುದುಕಿ ಹಲ್ಲನ್ನು ತಿರುಗಿಸಿ ನೋಡಿದಳು, ತೊಳೆದಳು, ಬಾಯಿಗೆ ಇಟ್ಟುಕೊಂಡೇಬಿಟ್ಟಳು. ಅಳತೆ ಕೊಟ್ಟು ಹೊಲಿಸಿದ ಕುಪ್ಪಸದಂತೆ ಕೂತಿತು! ಅಳಿಯನಿಗೆಂದು ಎತ್ತಿಟ್ಟಿದ್ದ ರೊಟ್ಟಿ ತೆಗೆದು ಕಚ್ಚಿದಳು. ಕಟಕ್!

ಮುದುಕಿಯ ಕಣ್ಣು ತುಂಬಿ ಬಂತು.

"ನಿಮ್ಮ ಮಾವ ಇದ್ದಾಗ ಹಿಂಗ ತಿಂದಿದ್ದೆ ನೋಡು ಬೇಟಾ. ಒಂದ ರೊಟ್ಟಿ, ಇಬ್ರೂ ಮುರಕೊಂಡು."

ಕಟ್ಟೆಯ ಮೇಲಿದ್ದ ವಿರೂಪಣ್ಣ ಮೂಗು ಒರೆಸಿಕೊಂಡ. ದಸ್ತಗೀರನ ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೂ ಕೇಳಲು ಮನಸ್ಸಾಗಲಿಲ್ಲ.

"ಇವತ್ತೊಂದಿನ ನಿಮ್ಮ ಬಾಯಾಗ ಇರ್ಲಿ ಅಮ್ಮೀ," ಎಂದು ಕೈಸನ್ನೆ ಮಾಡಿ, ಉಪವಾಸವೇ ಅಂಗಡಿಗೆ ಹೋದ.

ದೀಪ ಹಚ್ಚುವ ಹೊತ್ತಿಗೆ ಓಡೋಡಿ ಬಂದ. ಮನೆಯಲ್ಲಿ ಅತ್ತೆ ಕಾಣಲಿಲ್ಲ.

"ಅಮ್ಮೀ ಎಲ್ಲಿ?"

"ದೇವದುರ್ಗದ ಬಸ್ಸಿಗೆ ಹೋದ್ಳು."

"ಹಲ್ಲು?"

"ಹಾಕ್ಕೊಂಡ ಹೋಗ್ಯಾಳ. ನೀವ ಇರ್ಲಿ ಅಂದ್ರಂತಲ್ಲ!"

ದಸ್ತಗೀರ್ ಖಾಲಿ ತಾಟನ್ನು ತಿರುವಿ ನೋಡಿದ. "ನಾಳಿಗಿ ಬರ್ತಾಳಲ್ಲಾ?"

ಸರ್ವರಿ ಬೇಗಂ ಗಂಡನ ಮುಖ ನೋಡಲಾರದೆ ಸೆರಗು ಸರಿಮಾಡಿಕೊಂಡಳು.

"ಹೆಂಗ ಬರ್ತಾಳ್ರೀ? ಅಲ್ಲಿ ಆಕೀ ಅಕ್ಕ-ತಂಗೇರು ನಾಕು ಮಂದಿ ಅದಾರ. ಒಬ್ಬರ ಬಾಯಾಗೂ ಹಲ್ಲಿಲ್ಲ."