ಗುಬ್ಬಿಯ ಪರವಾಗಿ ಒಂದು ಪತ್ರ

ನನ್ನ ಹೆಂಡತಿಗೆ ಬಾಕ್ಸಿಂಗ್ ಎಂದರೆ ಅಷ್ಟಕ್ಕಷ್ಟೆ. ಅದೊಂದು ಬಿಟ್ಟರೆ ನಮ್ಮದು ಅನ್ಯೋನ್ಯ ದಾಂಪತ್ಯ (ಎಂದು ನಾನು ನಂಬಿದ್ದೆ). ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಮ್ಮ ನಡುಮನೆಯಲ್ಲಿ ತ್ರಿಸದಸ್ಯ ಪೀಠ ಸೇರುತ್ತದೆ. ಅಧ್ಯಕ್ಷ ನಾನು. ಸದಸ್ಯರು ಇಬ್ಬರು: ಬಸ್ ಓಡಿಸುವ ನನ್ನ ಭಾವಮೈದ ಮತ್ತು ಬೀದಿಯ ತುದಿಯಲ್ಲಿ ಬೀಗ ರಿಪೇರಿ ಮಾಡುವ ಬೀಗದಣ್ಣ. ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಹೆಂಡತಿ ಯಾರದೋ ಮನೆಯ ಪರದೆಗೆ ಅಂಚು ಹೊಲಿಯುತ್ತಿರುತ್ತಾಳೆ. ಪೀಠದ ಮುಂದಿರುವ ವ್ಯಾಜ್ಯ ಒಂದೇ, ಗುಬ್ಬಿಯ ಭವಿಷ್ಯ.

ಗುಬ್ಬಿ ನಮ್ಮ ಚಾಂಪಿಯನ್. ಎತ್ತರ ಐದಡಿ ಒಂದಿಂಚು, ತೂಕ ಐವತ್ತು ಕಿಲೋ. ಬೆಲ್ಟ್ ಗೆದ್ದು ಎರಡು ವರ್ಷವಾಯಿತು, ಕಡೆಯ ಪಂದ್ಯ ಆಡಿ ಹದಿನಾರು ತಿಂಗಳು. ಎದುರಾಳಿಗಳಿಗೇನೂ ಬರವಿಲ್ಲ: ಎಡಗೈಯವನಾದ ಎಡಚನಿದ್ದಾನೆ, ಉದ್ದನೆಯ ಏಣಿಯಿದ್ದಾನೆ. ಆದರೆ ಅವನ ಮ್ಯಾನೇಜರ್ ಎಂಬ ಮಹಾನುಭಾವ, ಮುಂದಿನ ಪಂದ್ಯ ಯಾವಾಗ ಎಂದು ಪತ್ರಿಕೆಯವರು ಕೇಳಿದಾಗಲೆಲ್ಲ ‘ನೋಡೋಣ’ ಎಂದು ಹೇಳಿ ಎದ್ದುಹೋಗುತ್ತಾನೆ.

ನಾನು ಪಾರ್ಸೆಲ್ ಕಚೇರಿಯಲ್ಲಿ ತೂಕದ ಗುಮಾಸ್ತ. ದಿನವಿಡೀ ತಕ್ಕಡಿಯ ಮುಂದೆ ಕೂತವನಿಗೆ ಕನಸು ಕಾಣಲು ಬೇಕಾದಷ್ಟು ಬಿಡುವು. ಸರಿಯಾಗಿ ಐವತ್ತು ಕಿಲೋದ ಪೆಟ್ಟಿಗೆ ಬಂತೋ, ಮುಗಿಯಿತು. ಮುಳ್ಳು ಮೆಲ್ಲಗೆ ತೂಗಾಡಿ ಐವತ್ತರ ಮೇಲೆ ನಿಲ್ಲುವಷ್ಟರಲ್ಲಿ ಕಚೇರಿಯ ಗೋಡೆಗಳು ಕರಗುತ್ತವೆ, ದೀಪಗಳು ಹತ್ತುತ್ತವೆ, ಗುಬ್ಬಿ ತುದಿಗಾಲಲ್ಲಿ ತೇಲಿ ಬರುತ್ತಾನೆ. ಎದುರಿಗೆ ಒಂದು ದಿನ ಎಡಚ, ಇನ್ನೊಂದು ದಿನ ಏಣಿ. “ರಸೀದಿ ಕೊಡ್ತೀರಾ?” ಎಂದು ಯಾರಾದರೂ ಕೇಳುವವರೆಗೆ ನಾನು ಈ ಲೋಕದಲ್ಲಿರುವುದಿಲ್ಲ. ಒಮ್ಮೆ ರಸೀದಿಯ ಮೇಲೆ ‘ಎಂಟನೇ ಸುತ್ತಿನಲ್ಲಿ ಜಯ’ ಎಂದು ಬರೆದು, ಮೊಹರು ಒತ್ತಿ, ಕಚೇರಿ ಪ್ರತಿಯನ್ನೂ ತೆಗೆದಿಟ್ಟಿದ್ದೇನೆ.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಬೇಕು (ಆಗ ನನಗದು ಸಣ್ಣದಾಗಿಯೇ ಕಂಡಿತ್ತು). ಪರದೆ ಅಂಗಡಿಯ ಒಡತಿ ನದಿಯಾಚೆ ಹೊಸ ಅಂಗಡಿ ತೆರೆಯುವವಳಿದ್ದಳು. ಅದನ್ನು ನಡೆಸಲು ನನ್ನ ಹೆಂಡತಿಯನ್ನು ಕರೆದು ಎಂಟು ತಿಂಗಳಾಗಿತ್ತು. ಬೆಳಗ್ಗೆ ಏಳಕ್ಕೆ ಹೊರಟರೆ ಮತ್ತೆ ಮನೆ ಸೇರುವುದು ಸಂಜೆ ಏಳಕ್ಕೆ. ನನ್ನ ಊಟದ ಡಬ್ಬಿಯ ಗತಿಯೇನು? ಆದರೂ ನಾನು ಒಮ್ಮೆಯೂ ಬೇಡ ಎಂದವನಲ್ಲ. ಅವಳು ಕೇಳಿದಾಗಲೆಲ್ಲ ಪ್ರೀತಿಯಿಂದಲೇ ‘ನೋಡೋಣ’ ಎಂದಿದ್ದೆ. ಆ ತಿಂಗಳ ಕೊನೆಯೊಳಗೆ ಉತ್ತರ ಬಾರದಿದ್ದರೆ ಬೇರೆಯವರನ್ನು ನೇಮಿಸುವುದಾಗಿ ಒಡತಿ ಹೇಳಿಕಳಿಸಿದ್ದಳು.

ಆ ಭಾನುವಾರ ಪೀಠ ಕಾವೇರಿತ್ತು.

“ಎಡಚನ ಜೊತೆನೇ ಆಡ್ಬೇಕು,” ಎಂದ ಬೀಗದಣ್ಣ. “ಇನ್ನೊಂದು ಬೆಲ್ಟ್ ಇರೋದು ಅವನ ಹತ್ರ. ಎರಡೂ ಒಂದೇ ಸೊಂಟಕ್ಕೆ ಬರಲಿ.”

“ಎಡಚ ಎಲ್ಲಿ ಒಪ್ತಾನೆ? ಗುಬ್ಬಿ ಹೆಸರು ಕೇಳಿದ್ರೆ ಅವನಿಗೆ ಬೆನ್ನುನೋವು ಬರುತ್ತೆ,” ಎಂದ ಭಾವಮೈದ. “ನನ್ನ ಕೇಳಿದ್ರೆ ಭಾವ, ಗುಬ್ಬಿ ಒಂದು ತೂಕದ ವರ್ಗ ಮೇಲೆ ಹೋಗಿ ಏಣಿ ಜೊತೆ ಆಡ್ಬೇಕು.”

“ಏಣಿ ಐದಡಿ ಎಂಟಿಂಚು ಕಣಯ್ಯ. ಗುಬ್ಬಿ ಎಷ್ಟು ಹಾರಿದ್ರೂ ಹೊಟ್ಟೆವರೆಗೇ.”

“ಹೊಟ್ಟೆಗೆ ನಾಲ್ಕು ಬಿದ್ರೆ ತಲೆ ತಾನಾಗೇ ಕೆಳಗೆ ಬರುತ್ತೆ.”

ಈ ವಾದಕ್ಕೆ ಬೀಗದಣ್ಣನ ಬಳಿ ಕೀಲಿಕೈ ಇರಲಿಲ್ಲ. ನಾನು ಅಧ್ಯಕ್ಷನ ಗತ್ತಿನಲ್ಲಿ ಭಾವಮೈದನ ಕಡೆ ವಾಲಿದೆ. ಹೊಲಿಗೆ ಯಂತ್ರ ನಿಂತಿತು.

“ಮೇಲೆ ಹೋಗಿ ಸೋತ್ರೆ?” ಎಂದಳು ಹೆಂಡತಿ.

ಮದುವೆಯಾದ ಹನ್ನೊಂದು ವರ್ಷದಲ್ಲಿ ಅವಳು ಬಾಕ್ಸಿಂಗ್ ಬಗ್ಗೆ ಕೇಳಿದ ಮೊದಲ ಪ್ರಶ್ನೆ. ಆನಂದದಿಂದ ನಾನು ಕುರ್ಚಿಯನ್ನೇ ಅವಳ ಕಡೆ ತಿರುಗಿಸಿದೆ.

“ಸೋಲಲಿ ಕಣೇ. ಬೆಲ್ಟ್ ಕಟ್ಕೊಂಡು ಮನೇಲಿ ಕೂತಿರೋದು ಸೋಲಲ್ವಾ?”

“ಅವನಿಗೆ ಹೋಗೋಕೆ ಇಷ್ಟ ಇದ್ಯಾ?”

“ಪಾಪ, ತುದಿಗಾಲಲ್ಲಿ ನಿಂತಿದಾನೆ. ತಡೀತಿರೋದು ಆ ಮ್ಯಾನೇಜರ್.”

“ಹಾಗಾದ್ರೆ ಮ್ಯಾನೇಜರ್‌ಗೇ ಒಂದು ಪತ್ರ ಬರೀರಿ. ನೀವು ಹೇಳಿ, ನಾನು ಬರ್ಕೋತೀನಿ.”

ನನ್ನ ಅಕ್ಷರ ನನಗೇ ಅರ್ಥವಾಗದ್ದರಿಂದ ಇದು ಒಳ್ಳೆಯ ಏರ್ಪಾಡು. ಬೆನ್ನ ಹಿಂದೆ ಕೈಕಟ್ಟಿ ನಡುಮನೆಯ ಉದ್ದಗಲಕ್ಕೂ ಓಡಾಡುತ್ತ ನಾನು ಹೇಳಿದೆ. ಎಂಥ ಪತ್ರ! ಹೇಳುತ್ತ ಹೇಳುತ್ತ ನನ್ನ ಕಣ್ಣೇ ಒದ್ದೆಯಾಯಿತು. ಮೂವರೂ ಸಹಿ ಹಾಕಿದೆವು.

“ಕಚೇರಿ ಪ್ರತಿ?” ಎಂದೆ. ಯಾವ ಕಾಗದವನ್ನೂ ನಾನು ಎರಡು ಪ್ರತಿಯಿಲ್ಲದೆ ಹೊರಗೆ ಬಿಡುವುದಿಲ್ಲ. ಅವಳು ಇನ್ನೊಂದು ಬರೆದು ತರುವಷ್ಟರಲ್ಲಿ ನಾವು ಮತ್ತೆ ಎಡಚನ ಬೆನ್ನುನೋವಿನ ಬಳಿ ಬಂದಿದ್ದೆವು. ಎರಡನೇ ಪ್ರತಿಯನ್ನು ಓದುವ ಗುಮಾಸ್ತ ಇನ್ನೂ ಹುಟ್ಟಿಲ್ಲ. ನಾನು ಸಹಿ ಗೀಚಿದೆ. ನನ್ನ ನೋಡಿ ಅವರಿಬ್ಬರೂ ಗೀಚಿದರು.

ಗುರುವಾರ ಮಧ್ಯಾಹ್ನ ಕಚೇರಿಗೆ ನನ್ನ ಹೆಸರಿಗೆ ರಿಜಿಸ್ಟರ್ಡ್ ಲಕೋಟೆ ಬಂತು. ಬಸ್ ನಿಲ್ಲಿಸಿ ಭಾವಮೈದ ಅಲ್ಲಿಗೆ ಬಂದಿದ್ದ. ಬೀಗದಣ್ಣ ಉಗ್ರಾಣದ ಬೀಗ ಬಿಚ್ಚುತ್ತ ಕೂತಿದ್ದ. ಅಭ್ಯಾಸಬಲದಿಂದ ತೂಗಿದೆ, ಇಪ್ಪತ್ತೆರಡು ಗ್ರಾಂ.

“ಮ್ಯಾನೇಜರ್ ಉತ್ತರ ಬಂತು,” ಎಂದು ಭಾವಮೈದ ಅದನ್ನು ಕಿತ್ತುಕೊಂಡು, ನಿಲ್ದಾಣದಲ್ಲಿ ಕಂಡಕ್ಟರ್ ಊರುಗಳ ಹೆಸರು ಕೂಗುವ ಗಂಟಲಿನಲ್ಲಿ ಓದತೊಡಗಿದ. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು.

“‘ಮಾನ್ಯರೇ, ತಮ್ಮ ಮನೆಯಲ್ಲಿ ಒಬ್ಬ ಚಾಂಪಿಯನ್ ಇದ್ದಾಳೆ. ಎಂಟು ತಿಂಗಳಿಂದ ಅವಳಿಗೆ ನದಿಯಾಚೆಯಿಂದ ಕರೆ ಬಂದಿದೆ. ಅವಳು ತುದಿಗಾಲಲ್ಲಿ ನಿಂತಿದ್ದಾಳೆ. ತಡೆಯುತ್ತಿರುವುದು ತಮ್ಮ ನೋಡೋಣ ಎಂಬ ಒಂದು ಮಾತು. ಸೋತರೆ ಸೋಲಲಿ, ಅದು ಅವಳ ಸೋಲು. ಕೂರಿಸಿ ಕೊಳೆಸಿದರೆ ಅದು ತಮ್ಮ ಪಾಪ. ತಾವು ಮ್ಯಾನೇಜರೋ, ಬಾಗಿಲಿಗೆ ಅಡ್ಡ ಇಟ್ಟ ಮೂಟೆಯೋ?’”

ಮೂಟೆಯ ಮಾತು ನನ್ನದೇ. ಅದನ್ನು ಹೇಳಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಭಾವಮೈದನ ದನಿ ತಗ್ಗಿತು. ಬೀಗದಣ್ಣ ಬಗ್ಗಿ ನೋಡಿ, “ಕೆಳಗೆ ಸಹಿ ನಮ್ಮದೇ ಸ್ವಾಮಿ, ಮೂರೂ. ಇದು ಆವತ್ತಿನ ಕಚೇರಿ ಪ್ರತಿ,” ಎಂದ. ಪೆಟ್ಟಿಗೆ ಹೊತ್ತು ನಿಂತಿದ್ದ ಹಿರಿಯರೊಬ್ಬರು, “ಆ ಮ್ಯಾನೇಜರ್ ನೀವೇನಾ?” ಎಂದು ನನ್ನನ್ನು ಕನಿಕರದಿಂದ ನೋಡಿದರು. ನನಗೆ ತಕ್ಕಡಿಯ ಹಿಂದೆ ಅಡಗಿಕೊಳ್ಳುವಷ್ಟು ನಾಚಿಕೆಯಾಯಿತು.

ಸಂಜೆ ಮನೆಗೆ ಹೋದಾಗ ಅವಳು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು.

“ಹೋಗು,” ಎಂದೆ. “ಒಡತಿಗೆ ಒಪ್ಪಿಗೆ ಹೇಳು.”

“ಭಾನುವಾರನೇ ಹೇಳಿಯಾಯ್ತು. ಸೋಮವಾರದಿಂದ ಅಂಗಡಿ.”

“ಮತ್ತೆ ನನಗ್ಯಾಕೆ ಪತ್ರ?”

“ಅಷ್ಟು ಚೆನ್ನಾಗಿ ಹೇಳಿದ್ರಿ. ನೀವೂ ಒಂದ್ಸಲ ಓದ್ಲಿ ಅಂತ.”

ಸೋಮವಾರ ಏಳಕ್ಕೆ ಅವಳನ್ನು ಬಸ್ ಹತ್ತಿಸಿದೆ. ನನಗಾಗಿ ಒಂದು ದಿನವೂ ಕಾಯದ ಭಾವಮೈದ ಅಕ್ಕನಿಗಾಗಿ ಎರಡು ನಿಮಿಷ ಬಸ್ ನಿಲ್ಲಿಸಿದ್ದ. ಕಿಟಕಿಯ ಪಕ್ಕ ಕೂತವಳು ಆಗಲೇ ಪುಸ್ತಕ ತೆರೆದು ಏನೋ ಅಳತೆ ಬರೆಯುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಆ ಮುಖವನ್ನು ನಾನು ಕಂಡಿರಲಿಲ್ಲ. ಸತ್ಯ ಹೇಳುತ್ತೇನೆ, ಹೆಮ್ಮೆಯಾಯಿತು. ಬಸ್ಸು ಮಂಜಿನಲ್ಲಿ ಸಣ್ಣದಾಗುವವರೆಗೂ ಸೌಟು ಹಿಡಿದ ಕೈಯನ್ನೇ ಬೀಸುತ್ತ ನಿಂತಿದ್ದೆ.

ಪಕ್ಕದಲ್ಲಿ ಬೇರೆ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ಕೇಳಿದಳು, “ಹೋದವರು ನಿಮಗೇನಾಗ್ಬೇಕು?”

“ಚಾಂಪಿಯನ್ನು,” ಎಂದೆ.

“ನೀವು ಅವರ ಮ್ಯಾನೇಜರಾ?”

“ಅಲ್ಲಮ್ಮ,” ಎಂದೆ. “ಮೊನ್ನೆವರೆಗೂ ಆಗಿದ್ದೆ. ಈಗ ಅಡುಗೆಯವನು.”