ಸಾ ಅಂದರೆ ಏನು?

ಉಪ್ಪುನೀರಿನಲ್ಲೂ ಬದುಕುವ ಗಿಡಗಳ ಮೇಲೆ ಐದು ವರ್ಷ ಸಂಶೋಧನೆ ಮಾಡಿದವನು ಚೀಟಿ ಬರೆಯುವಾಗ ಸೋಮಾರಿತನ ಮಾಡಿದ. ಹೆಚ್ಚು ಬೆಳಕಿನ ಕುಂಡಗಳಿಗೆ 'ಬೆ', ಹೆಚ್ಚು ಉಪ್ಪಿನವಕ್ಕೆ 'ಉ', ಸಾರಜನಕದ ಗೊಬ್ಬರ ಹಾಕುವವಕ್ಕೆ 'ಸಾ'. ಏನೂ ಕೊಡಬಾರದ ಎಂಟು ಕುಂಡಗಳಿಗೆ ಚೀಟಿಯೇ ಇಲ್ಲ. ಅಷ್ಟರಲ್ಲಿ ಕಾಮಾಲೆ ಬಂತು. "ಚೀಟಿ ನೋಡ್ಕೊಂಡು ಗಿಡಗಳ ಆರೈಕೆ ಮಾಡಿ ಅಕ್ಕಾ" ಎಂದು ಕಸ ಗುಡಿಸುವಾಕೆಗೆ ಫೋನಿನಲ್ಲಿ ಹೇಳಿ ಹತ್ತು ದಿನ ಮಲಗಿದ.

ಹನ್ನೊಂದನೇ ದಿನ ಸಂಜೆ ನಾಲ್ಕು ಗಂಟೆಗೆ ಪ್ರೊಫೆಸರ್ ಬಂದು ಗಿಡಗಳ ಕೊನೆಯ ಅಳತೆ ತೆಗೆಯುವವರಿದ್ದರು. ಫಲಿತಾಂಶ ಕೆಟ್ಟರೆ ಮತ್ತೆ ಮೊದಲಿನಿಂದ. ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆದವನು ಕಸ ಗುಡಿಸುವಾಕೆಯನ್ನು ಕೂಗಿ ಕರೆದ.

"ಬೆ ಕುಂಡಕ್ಕೆ ಗೋಣಿ ಯಾಕೆ ಹೊದಿಸಿದ್ರಿ?"

"ಬೆಚ್ಚಗಿಡಿ ಅಂತಲ್ವಾ ಸಾರ್?"

"ಉ?"

"ಉಪವಾಸ. ತೊಟ್ಟು ನೀರೂ ಹಾಕಿಲ್ಲ."

"ಸಾ?"

"ಸಾಕು ಅಂತ. ಬಿಟ್ಬಿಟ್ಟೆ. ಚೀಟಿ ಇಲ್ದೇ ಇರೋವು ಪಾಪ ಅನಾಥ, ಗೊಬ್ಬರದ ಬಾಟಲೀಲಿದ್ದಿದ್ದೆಲ್ಲಾ ಅವಕ್ಕೇ ಹೊಯ್ದೆ."

ಆ ಅನಾಥ ಎಂಟು ಮಾತ್ರ ಮದುವೆಮನೆಯ ನೆಂಟರಂತೆ ಮೈ ತುಂಬಿಕೊಂಡಿದ್ದವು. ಉಳಿದವು ಅವನಷ್ಟೇ ಹಳದಿ. ಅವನು ಬಕೆಟ್ ಮಗುಚಿ ಕೂತು ಅತ್ತೇಬಿಟ್ಟ.

ಪಕ್ಕದ ಮೇಜಿನ ಸಹೋದ್ಯೋಗಿ ಸಮಾಧಾನ ಮಾಡಿದ. "ಗೋಣಿ ತೆಗಿ, ಬೆಳಕು ಜಾಸ್ತಿಯಾಗಿ ಬಿಳಿಚಿಕೊಂಡಿವೆ ಅನ್ನು. ಉ ಉಪ್ಪಿಗೆ ಬಾಡಿವೆ ಅನ್ನು. ಸಾ ಚೀಟಿ ಕಿತ್ತು ದಷ್ಟಪುಷ್ಟ ಇರೋವಕ್ಕೆ ಅಂಟಿಸು. ಗಿಡಗಳೇನು ಬಾಯಿ ಬಿಡ್ತವಾ?"

ಮನಸ್ಸು ಬೇಡವೆಂದಿತು. ಕೈ ಆಗಲೇ ಅಂಟಿಸುತ್ತಿತ್ತು.

ಪ್ರೊಫೆಸರ್ ನಗುತ್ತಲೇ ಬಂದರು. "ನೀನಿಲ್ಲದಾಗ ಸಾ ಕುಂಡಗಳನ್ನೂ ಚೀಟಿ ಇಲ್ಲದವನ್ನೂ ದಿನಾ ನಾನೇ ಅಳೆದೆ ಕಣಯ್ಯಾ. ಸಾರಜನಕ ಕೊಟ್ಟವು ಕುಗ್ಗಿವೆ, ಏನೂ ಕೊಡದವು ಹಿಗ್ಗಿವೆ. ಇಂಥದ್ದು ನಾನು ಎಲ್ಲೂ ನೋಡಿಲ್ಲ. ಇವತ್ತೇ ನಿನ್ನ ಪ್ರಬಂಧಕ್ಕೆ ಸಹಿ ಹಾಕೋಣ ಅಂತ ಪೆನ್ನೂ ತಂದಿದ್ದೀನಿ."

ಅವರು ಬಗ್ಗಿ ದಷ್ಟಪುಷ್ಟ ಗಿಡಗಳ ಚೀಟಿ ಓದಿದರು, ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಪೆನ್ನು ಜೇಬಿಗೆ ವಾಪಸ್ಸು ಹೋಯಿತು.

"ಛೆ, ನಾನೇ ತಿರುವುಮುರುವು ಬರ್ಕೊಂಡಿದ್ದೀನಿ. ಸಾರಜನಕ ಕೊಟ್ರೆ ಗಿಡ ಬೆಳೆಯುತ್ತೆ ಅನ್ನೋದು ಮೇಯೋ ಹಸುಗೂ ಗೊತ್ತು. ಇದರಲ್ಲಿ ಹೊಸದೇನಿದೆ? ಮೊದಲಿಂದ ಶುರು ಮಾಡು."

ನಿಜ ಹೇಳಿದರೆ ಕಳ್ಳ, ಹೇಳದಿದ್ದರೆ ದಡ್ಡ. "ಆಯ್ತು ಸಾರ್" ಎಂದ.

ಅವರು ಹೋದ ಮೇಲೆ ಕಸ ಗುಡಿಸುವಾಕೆ ಖಾಲಿ ಚೀಟಿಗಳ ಕಟ್ಟು ಹಿಡಿದು ಬಂದಳು. "ಹೊಸ ಕುಂಡಕ್ಕೆ ಏನು ಬರೀತೀರಾ ಸಾರ್?"

"ಸಾ" ಎಂದ ಅವನು.

ಈ ಸಲ ಆಕೆ ಸರಿಯಾಗಿಯೇ ಅರ್ಥ ಮಾಡಿಕೊಂಡು, ಚೀಟಿಗಳ ಕಟ್ಟನ್ನು ಕಸದ ಬುಟ್ಟಿಗೆ ಹಾಕಿದಳು.