ಕೊನೆಯ ಹದಿನಾರು ಪುಟ

ಮುದ್ರೆ ಗುಮಾಸ್ತನ ಬಳಿ ಇದ್ದದ್ದು ಎರಡೇ ಅಭಿಪ್ರಾಯ. ಯಾವ ಸಿನಿಮಾದ ಬಗ್ಗೆ ಕೇಳಿದರೂ, "ಇಂಟರ್‌ವಲ್ ಆದ್ಮೇಲೆ ಸ್ವಲ್ಪ ಎಳೆದಿದ್ದಾರೆ" ಎನ್ನುತ್ತಿದ್ದ. ಯಾವ ಕಾದಂಬರಿಯ ಬಗ್ಗೆ ಕೇಳಿದರೂ, "ಆ ಕೊನೆ ಇದೆಯಲ್ಲ, ಅದು ಕಾಡುತ್ತೆ" ಎನ್ನುತ್ತಿದ್ದ. ಈ ಎರಡು ಮಾತುಗಳನ್ನು ಜೇಬಿನಲ್ಲಿಟ್ಟುಕೊಂಡೇ ಅವನು ಹನ್ನೊಂದು ವರ್ಷ ನೌಕರಿ ಮಾಡಿದ್ದ, ಮಾವನನ್ನು ಒಲಿಸಿಕೊಂಡಿದ್ದ, ಹೆಂಡತಿಯ ಇಬ್ಬರು ಅಕ್ಕಂದಿರನ್ನೂ ನಿಭಾಯಿಸಿದ್ದ. ಎದುರು ಹೇಳಿದವರು ಒಬ್ಬರೂ ಇಲ್ಲ. ಎಳೆಯದ ಸಿನಿಮಾವನ್ನು ಯಾರು ತಾನೇ ಕಂಡಿದ್ದಾರೆ?

ಆ ಸೋಮವಾರ ಬೆಳಿಗ್ಗೆ ಎರಡನೆಯ ಅಭಿಪ್ರಾಯ ಕಾಲಿಗೆ ತೊಡರಿಕೊಂಡಿತು.

ಅದು ತೂಕ-ಅಳತೆ ಕಚೇರಿ. ಅಂಗಡಿಯವರು ತಂದ ತೂಕದ ಬಟ್ಟುಗಳನ್ನು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿಟ್ಟು ನೋಡಿ, ಸರಿಯಿದ್ದರೆ ಸುತ್ತಿಗೆಯಿಂದ ಮುದ್ರೆ ಹೊಡೆಯುವುದು ಅವನ ಕೆಲಸ. ಅವನ ಹೆಂಡತಿ ರೈಲಿನಲ್ಲಿ ಏಳು ಗಂಟೆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಮೂರು ವರ್ಷದ ಮಗಳು ಅಪ್ಪನೆಂದರೆ ಫೋನಿನೊಳಗೆ ವಾಸಿಸುವ ಮನುಷ್ಯ ಎಂದೇ ನಂಬಿದ್ದಳು. ಆ ಊರಿನ ಕಚೇರಿಯಲ್ಲಿ ಈಗ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆಯ ಅರ್ಜಿಗೆ ಸಾಹೇಬರು ಶಿಫಾರಸು ಬರೆದು ಸಹಿ ಹಾಕಬೇಕು, ಅದು ಸಂಜೆ ಐದರ ಟಪಾಲು ಚೀಲದಲ್ಲಿ ಮೇಲಿನ ಕಚೇರಿಗೆ ಹೋಗಬೇಕು. ಅದೇ ಕೊನೆಯ ದಿನ.

ಸಾಹೇಬರು ಅರ್ಜಿಯನ್ನು ನೋಡಿದರು, ಪೆನ್ನಿನ ಮುಚ್ಚಳ ತೆಗೆದರು, ಆಮೇಲೆ ಅವನನ್ನು ನೋಡಿದರು.

"ಅಂದ ಹಾಗೆ, ಆ ಪುಸ್ತಕ ಓದಿದ್ರೇನ್ರೀ?"

ಮೂರು ವಾರದ ಹಿಂದೆ ಅವರೇ ಕೊಟ್ಟಿದ್ದ, ಯಾವುದೋ ದೂರದ ಭಾಷೆಯಿಂದ ಅನುವಾದವಾದ, ಇಟ್ಟಿಗೆಯಂಥ ಕಾದಂಬರಿ. ಅವನು ಹತ್ತೊಂಬತ್ತನೆಯ ಪುಟದಲ್ಲಿ ರೈಲಿನ ಟಿಕೆಟ್ ಸಿಕ್ಕಿಸಿ ಮಲಗಿದವನು ಮತ್ತೆ ಅದನ್ನು ಮುಟ್ಟಿರಲಿಲ್ಲ.

"ಓದ್ದೆ ಸಾರ್. ಆ ಕೊನೆ ಇದೆಯಲ್ಲ, ಅದು ಕಾಡುತ್ತೆ."

ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ನಾನು ಕೊಟ್ಟ ಪ್ರತೀಲಿ ಕೊನೆಯ ಹದಿನಾರು ಪುಟ ಇಲ್ಲ ಕಣ್ರೀ. ಇಪ್ಪತ್ತೆರಡು ವರ್ಷದಿಂದ ಇಲ್ಲ. ಇಲ್ಲೀವರೆಗೆ ಒಂಬತ್ತು ಜನಕ್ಕೆ ಕೊಟ್ಟೆ, ಒಂಬತ್ತು ಜನವೂ ತುಂಬ ಚೆನ್ನಾಗಿದೆ ಅಂದ್ರು. ನೀವು ಕೊನೆ ಎಲ್ಲಿ ಓದಿದ್ರಿ?"

ತಕ್ಕಡಿಯ ಮುಳ್ಳಿನಂತೆ ಅವನ ನಾಲಿಗೆ ಎರಡು ಸಲ ಅತ್ತಿತ್ತ ಆಡಿತು. ಪುಟ ಸಾಲದೆ ತಾನು ಚಡಪಡಿಸಿದ್ದಾಗಿಯೂ, ಹೆಂಡತಿಯ ಊರಿನಲ್ಲಿ ಯಾರದೋ ಮನೆಯಲ್ಲಿ ಇನ್ನೊಂದು ಪ್ರತಿ ಸಿಕ್ಕಿ ಓದಿ ಮುಗಿಸಿದ್ದಾಗಿಯೂ, ಅವರು ಅದೇ ವಾರ ಮನೆ ಖಾಲಿ ಮಾಡಿ ಹೋದದ್ದಾಗಿಯೂ ಹೇಳಿಬಿಟ್ಟ. ಸಾಹೇಬರ ಕಣ್ಣು ತೇವವಾಯಿತು. ಈಗಲೇ ಹೇಳಬೇಡಿ ಎಂದರು. ಮೂರು ಗಂಟೆಗೆ ಕಡತಗಳನ್ನೆಲ್ಲ ಮುಗಿಸಿ, ಮುಖ ತೊಳೆದುಕೊಂಡು ಕೂತು ಕೇಳುತ್ತೇನೆ, ಆಮೇಲೆ ಸಹಿ ಎಂದರು. ಪೆನ್ನಿನ ಮುಚ್ಚಳ ಮತ್ತೆ ಕೂತಿತು.

ಅವನು ಹೊರಗೆ ಬಂದಾಗ ಮುಖ ಸೋಪು ಹಾಕಿದ ಬಟ್ಟೆಯಂತಿತ್ತು. ಟೈಪಿಸ್ಟ್ ಅಕ್ಕ ಅವನ ಬಾಯಿಂದ ವಿಷಯ ಹೊರಡಿಸಿದಳು. ರೆಕಾರ್ಡು ಕೋಣೆಯ ಹಿರಿಯಣ್ಣ ಕರೆಯದೆಯೇ ಬಂದು ಸ್ಟೂಲಿನ ಮೇಲೆ ಕೂತ. ಆತ ಸಾಹೇಬರ ಒಂಬತ್ತು ಓದುಗರಲ್ಲಿ ಒಬ್ಬ.

"ಕಥೆ ಏನಣ್ಣಾ?"

"ಯಾರಿಗೆ ಗೊತ್ತಪ್ಪಾ. ನಾನು ಚೆನ್ನಾಗಿದೆ ಅಂದು ವಾಪಸ್ ಕೊಟ್ಟವನು."

ಅವನು ಮನೆಗೆ ಓಡಿ ಪುಸ್ತಕ ತಂದು, ಮುದ್ರೆ ಹೊಡೆಯುವ ನಡುವೆ ಪುಟ ಹಾರಿಸುತ್ತ ಓದತೊಡಗಿದ. ಒಬ್ಬ ಅಂಗಡಿಯವನಿಗೆ ಮೂವತ್ತು ಪುಟ. ಅವಸರದಲ್ಲಿ ಒಂದು ಅರ್ಧ ಕಿಲೋ ಬಟ್ಟಿಗೆ ಎರಡೆರಡು ಸಲ ಮುದ್ರೆ ಬಿತ್ತು. ಕಥೆ ಇಷ್ಟು: ಅಪರಿಚಿತನೊಬ್ಬ ದೋಣಿಕಾರನ ಮಗಳ ಕೈಗೆ ಒಂದು ಪೆಟ್ಟಿಗೆ ಕೊಟ್ಟು, ನಾನು ಬರುವ ತನಕ ತೆರೆಯಬೇಡ ಎಂದು ಹೋಗುತ್ತಾನೆ. ಅವನು ಬರುವುದಿಲ್ಲ. ಐನೂರು ಪುಟ ಅವಳು ಪೆಟ್ಟಿಗೆಯ ಪಕ್ಕದಲ್ಲೇ ಮುದುಕಿಯಾಗುತ್ತಾಳೆ. ಸಾಹೇಬರ ಪ್ರತಿಯ ಕಡೆಯ ಸಾಲು ಹೀಗಿತ್ತು: "ಅವಳು ಮುಚ್ಚಳ ಎತ್ತಿದಳು. ಒಳಗೆ". ಮುಂದೆ ಬರೀ ರಟ್ಟು.

ಅಕ್ಕ ಒಳಗೆ ಪ್ರೇಮಪತ್ರಗಳಿರಲಿ ಎಂದಳು. ಅಣ್ಣ ಹೆಣವೇ ಇರಬೇಕು, ಭಾಷಾಂತರದಲ್ಲಿ ಹೆಣವಿಲ್ಲದಿದ್ದರೆ ಯಾರೂ ನಂಬುವುದಿಲ್ಲ ಎಂದ. ಪೆಟ್ಟಿಗೆ ಎಷ್ಟು ದೊಡ್ಡದು ಎಂಬ ಮಾತಿಗೆ ಇಬ್ಬರೂ ಜಗಳವಾಡಿದರು. ಕಡೆಗೆ ಅಕ್ಕ, ತನ್ನ ಸೋದರಮಾವನ ಬೈಂಡಿಂಗ್ ಅಂಗಡಿಯಲ್ಲಿ ವಾರಸುದಾರರಿಲ್ಲದ ಹಳೇ ಪುಸ್ತಕಗಳ ರಾಶಿಯೇ ಇದೆ, ಹುಡುಕಿ ಬರುತ್ತೇನೆಂದು ಸ್ಕೂಟರ್ ಹತ್ತಿದಳು. ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಸಹಿ ಆಯ್ತಾ?"

"ಆಗುತ್ತೆ. ಒಂದು ಪೆಟ್ಟಿಗೆಯೊಳಗೆ ಏನಾದ್ರೂ ಇಡ್ಬೇಕು, ಅಷ್ಟೇ."

"ಲಂಚಾನಾ?"

ವಿವರಿಸಲು ಹೊತ್ತಿರಲಿಲ್ಲ.

ಮೂರಕ್ಕೆ ಸಾಹೇಬರು ತಲೆ ಬಾಚಿಕೊಂಡು, ಕನ್ನಡಕ ಒರೆಸಿಕೊಂಡು ಕೂತಿದ್ದರು. "ಹೇಳಿ" ಎಂದರು. ಪತ್ರ, ಹೆಣ, ನಕ್ಷೆ, ಬೀಗದ ಕೈ, ಬೆಳಗಿನಿಂದ ಕೂಡಿಟ್ಟದ್ದೆಲ್ಲ ಆ ಕ್ಷಣದಲ್ಲಿ ಆವಿಯಾಗಿ ಹೋಯಿತು. ಗುಮಾಸ್ತ ತನ್ನ ತಲೆಯೊಳಗೆ ಏನಿತ್ತೋ ಅದನ್ನೇ ಪೆಟ್ಟಿಗೆಯೊಳಗೆ ಇಟ್ಟ.

"ಒಳಗೆ ಏನೂ ಇರಲಿಲ್ಲ ಸಾರ್."

"ಖಾಲಿ?"

"ಖಾಲಿ."

"ಮತ್ತೆ ಹದಿನಾರು ಪುಟ ಏನ್ರೀ ಮಾಡ್ತಾಳೆ?"

ಕಿಟಕಿಯಾಚೆ ಎದುರು ಮನೆಯ ತಾರಸಿಯಲ್ಲಿ ಯಾರೋ ಒಣಗಿದ ಬಟ್ಟೆ ತೆಗೆಯುತ್ತಿದ್ದರು. "ಒಗೆದ ಬಟ್ಟೆ ಮಡಚಿ ಮಡಚಿ ಅದರೊಳಗೆ ಇಡ್ತಾಳೆ ಸಾರ್. ದೀಪ ಹಚ್ತಾಳೆ. ಮುಗೀತು."

ಸಾಹೇಬರು ಕುರ್ಚಿಗೆ ಒರಗಿದರು. ಆಮೇಲೆ ಮೆಲ್ಲಗೆ, ತಾವು ಇಪ್ಪತ್ತೆರಡು ವರ್ಷ ಆ ಪೆಟ್ಟಿಗೆಯೊಳಗೆ ಏನೇನಿಟ್ಟು ನೋಡಿದ್ದೆವೆಂದು ಹೇಳಿದರು. ಮಗುವಿನ ಒಂದು ಶೂ. ಮುರಿದ ಪಿಟೀಲು. ಒಮ್ಮೆ ಜ್ವರ ಬಂದಿದ್ದಾಗ ತಮ್ಮ ತಾಯಿಯ ಧ್ವನಿ. "ಬಟ್ಟೆ ಅಂತೆ" ಎಂದರು. ಇವತ್ತು ಏನಕ್ಕೂ ಸಹಿ ಹಾಕುವ ಮನಸ್ಸಿಲ್ಲ ಎಂದು ಅರ್ಜಿಯನ್ನು ಅತ್ತ ಸರಿಸಿದರು.

ಗಡಿಯಾರ ನಾಲ್ಕು ತೋರಿಸುತ್ತಿತ್ತು. ಇನ್ನು ನಿಜ ಹೇಳುವುದೊಂದೇ ಬಾಕಿ.

"ಸಾರ್, ಸುಳ್ಳು ಹೇಳ್ದೆ. ನಾನು ಆ ಕೊನೆ ಓದೇ ಇಲ್ಲ. ಬಟ್ಟೆ ಗಿಟ್ಟೆ ಎಲ್ಲ ನನ್ನ ಕಟ್ಟುಕತೆ."

ಬಿರುಗಾಳಿ ಬೀಸುತ್ತದೆಂದು ಅವನು ಕುತ್ತಿಗೆ ಒಳಗೆಳೆದುಕೊಂಡ. ಆದರೆ ಸಾಹೇಬರ ಮುಖ ನಿಧಾನವಾಗಿ ಅರಳಿತು.

"ಹಾಗಾದ್ರೆ ಪೆಟ್ಟಿಗೆ ಇನ್ನೂ ಮುಚ್ಚೇ ಇದೆ."

"ಮುಚ್ಚೇ ಇದೆ ಸಾರ್."

ಖುಷಿಯ ಭರದಲ್ಲಿ ಅವರು ಅರ್ಜಿಯನ್ನು ಎಳೆದುಕೊಂಡು "ಶಿಫಾರಸು" ಎಂಬಲ್ಲಿಯವರೆಗೆ ಬರೆದರು. ಆಗ ಬಾಗಿಲು ತಳ್ಳಿಕೊಂಡು, ಕೂದಲ ತುಂಬ ಧೂಳು ಹೊತ್ತು, ಟೈಪಿಸ್ಟ್ ಅಕ್ಕ ಒಳಗೆ ಬಂದಳು. ಕೈಯಲ್ಲಿ ಅದೇ ಕಾದಂಬರಿ, ಪೂರ್ತಿ ಐನೂರ ನಲವತ್ತನಾಲ್ಕು ಪುಟ.

"ಸಿಕ್ತು ಸಾರ್" ಎಂದಳು. ಮಹಡಿ ಹತ್ತಿದ ಏದುಸಿರಿನಲ್ಲೂ ಗುಮಾಸ್ತನತ್ತ ನೋಡಿ, ನೀನು ಬದುಕಿಕೊಂಡೆ ಎಂಬಂತೆ ಕಣ್ಣು ಮಿಟುಕಿಸಿದಳು.

ಸಾಹೇಬರು ನಿಂತೇ ಓದಿದರು. ತುಟಿ ಅಲುಗಾಡುತ್ತಿತ್ತು. ಅವರು ಹದಿನಾರು ಪುಟ ಓದಿ ಮುಗಿಸುವ ಹೊತ್ತಿಗೆ ಗುಮಾಸ್ತ ಎದುರಿನ ಗೋಡೆಯ ಬಿರುಕುಗಳನ್ನೆಲ್ಲ ಎಣಿಸಿಯಾಗಿತ್ತು. ಅವರು ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು, ಬೆರಳಿನಿಂದ ಒಂದು ಸಾಲು ತೋರಿಸಿದರು. ಪೆಟ್ಟಿಗೆ ಖಾಲಿಯಿತ್ತು. ಮುದುಕಿ ಒಗೆದ ಬಟ್ಟೆಗಳನ್ನು ಒಂದೊಂದಾಗಿ ಮಡಚಿ ಅದರೊಳಗಿಟ್ಟಿದ್ದಳು. ದೀಪವನ್ನೂ ಹಚ್ಚಿದ್ದಳು.

"ಕೂತ್ಕೊಳ್ಳಿ" ಎಂದರು ಸಾಹೇಬರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು. "ನೋಡಿ, ನೀವು ಇದನ್ನ ಓದಿದ್ರಿ ಅಂದ್ರೆ, ಈಗ ಓದಿಲ್ಲ ಅಂತ ನನ್ನ ಮುಖಕ್ಕೇ ಸುಳ್ಳು ಹೇಳಿದ್ದೀರಿ. ಅಂಥವರಿಗೆ ಶಿಫಾರಸು ಬರೆಯೋಕಾಗುತ್ತಾ?"

"ಇಲ್ಲ ಸಾರ್. ಆದ್ರೆ ನಾನು ನಿಜವಾಗ್ಲೂ ಓದಿಲ್ಲ."

"ನಂಬ್ತೀನಿ. ಓದದೇನೇ ಬಟ್ಟೆ ಮಡಚೋದನ್ನೂ ದೀಪಾನೂ ಹೇಳಿದ್ರಿ. ನಮ್ಮ ಮನೇಲಿ ಗೆದ್ದಲು ತಿಂದ ಕಾದಂಬರಿ ಇನ್ನೂ ಏಳು ಇದಾವೆ. ಒಂದಕ್ಕೂ ಕೊನೆ ಇಲ್ಲ. ಇಂಥ ಮನುಷ್ಯನ್ನ ಬೇರೆ ಊರಿಗೆ ಬಿಟ್ಟುಕೊಡೋಕೆ ನನಗೇನು ತಲೆ ಕೆಟ್ಟಿದೆಯೇನ್ರೀ?"

ಅರ್ಜಿಯ ಮೇಲಿದ್ದ "ಶಿಫಾರಸು" ಎಂಬುದರ ಮುಂದೆ ಅವರು "ಮಾಡಲಾಗುವುದಿಲ್ಲ" ಎಂದು ಸೇರಿಸಿದರು. ಆಮೇಲೆ ಟೈಪಿಸ್ಟ್ ಅಕ್ಕನನ್ನು ಕೂರಿಸಿಕೊಂಡು, ಈ ನೌಕರರ ಸೇವೆ ಈ ಕಚೇರಿಗೆ ಅತ್ಯಗತ್ಯವಾದ್ದರಿಂದ ಮುಂದಿನ ಐದು ವರ್ಷ ಅವರನ್ನು ಇಲ್ಲಿಂದ ಕದಲಿಸಬಾರದೆಂದು ಒಂದು ಪತ್ರ ಹೇಳಿ ಬರೆಸಿದರು. ಅಕ್ಕ ಒಂದೂ ತಪ್ಪಿಲ್ಲದೆ ನಾಲ್ಕೇ ನಿಮಿಷದಲ್ಲಿ ಹೊಡೆದಳು. ಪತ್ರ ಐದರ ಚೀಲಕ್ಕೆ ಸರಿಯಾಗಿ ಸಿಕ್ಕಿತು.